ಬಾವಿ ನೀರಿನ ಬೋರ್ಡು

ಬೀಳಗಿ ತಾಲೂಕು
ಮಾರ್ಚ್ 2018

ಮಾನ್ಯ ಸಾಹೇಬರಿಗೆ, ನಿಮ್ಮ ಆಫೀಸಿನ ಅಂಜನಾಳ ನಮಸ್ಕಾರ.

‘ನಿಮ್ಮೂರಿನ ಬಗ್ಗೆ ಏನನ್ನಿಸುತ್ತದೆ?’ ಎಂದು ನೀವು ಫೇಸ್‌ಬುಕ್ಕಿನಲ್ಲಿ ಕೇಳಿದ್ದಕ್ಕೆ ಬರೀ ಹೊಗಳಿಕೆ ಬಂತೆಂದು ನಿನ್ನೆ ಪೇಡೆ ಹಂಚಿದಿರಿ. ನಾನೂ ತಿಂದೆ. ನೀವು ಈ ಕಡೆಗೆ ಹೊಸಬರು, ಅದಕ್ಕೇ ಬರೆಯುತ್ತಿದ್ದೇನೆ.

‘ನಮ್ಮೂರ ಬಾವಿ ನೀರ ಭಾಳ ಸವಿ ಅದಾವ್ರಿ’ ಎಂದು ಒಬ್ಬರು ಬರೆದಿದ್ದಾರೆ. ನಮ್ಮ ಪುನರ್ವಸತಿ ಕೇಂದ್ರದಲ್ಲಿ ಬಾವಿಯೇ ಇಲ್ಲ. ‘ಬೀರಪ್ಪನ ಗುಡಿ ಕಟ್ಟಿಮ್ಯಾಲ ಕುಂತ್ರ ಹೊಳಿ ಗಾಳಿ ತಣ್ಣಗ ಬರತೈತ್ರಿ’ ಎಂದು ಇನ್ನೊಬ್ಬರು. ಇಲ್ಲಿಂದ ಹೊಳೆ ಕಾಣುವುದೂ ಇಲ್ಲ. ಅವರೆಲ್ಲ ಹೊಗಳಿದ್ದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರನ್ನು. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಊರು ಯಾವುದೆಂದು ಕೇಳಿದರೆ ನಮ್ಮವರು ಅದನ್ನೇ ಹೇಳುತ್ತಾರೆ.

ಬಾವಿಯ ಮಾತನ್ನು ಕೇಂದ್ರದ ಬಾಗಿಲಲ್ಲಿ ಬೋರ್ಡಿನ ಮೇಲೆ ಬರೆಸುತ್ತೇನೆಂದಿರಿ. ದಯವಿಟ್ಟು ಬೇಡ. ಬರೆಸಲೇಬೇಕೆಂದರೆ, ಹಳೆಯ ರಸ್ತೆ ಹಿನ್ನೀರಿಗೆ ಇಳಿಯುವ ಕಡೆ ನಿಲ್ಲಿಸಿ.

ಆ ಮಾತು ನಮ್ಮ ಅವ್ವ ಯಂಕವ್ವನದು. ಅವಳಿಗೆ ಟೈಪ್ ಮಾಡಿಕೊಟ್ಟವಳು ನಾನು. ಊರು ಬಿಟ್ಟಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಆ ನೀರಿನ ರುಚಿ ನನಗೆ ಗೊತ್ತಿಲ್ಲ. ‘ಭಾಳ’ ಎಂದು ಸೇರಿಸಿದ್ದು ಮಾತ್ರ ನಾನೇ.

ಇಂತಿ,
ಅಂಜನಾ
ಕಂಪ್ಯೂಟರ್ ಆಪರೇಟರ್