ಧಾರೆಗೆ ನಿನ್ನ ವಯಲಿನ್

ವಿಭಾ,

ಪ್ರೈಜ್ ಬಂತೆಂದು ಎರಡು ವರ್ಷದ ಹಿಂದೆ ನೀನು ಕಳಿಸಿದ ಮೆಸೇಜಿಗೇ ಉತ್ತರಿಸದವಳು ಈಗ ಬರೆಯುತ್ತಿದ್ದೇನೆ, ಸಾರಿ. ಇದನ್ನೂ ಕಳಿಸುವುದಿಲ್ಲ, ಗೊತ್ತು.

ತೀರ್ಥಹಳ್ಳಿಯಲ್ಲಿ ಅಕ್ಕನ ಮದುವೆ. ಕಾಲೇಜಿಂದ ನಿನ್ನೆ ಮನೆಗೆ ಬಂದಾಗ ಸಂಗೀತದ ಮಾತು ನಡೆದಿತ್ತು. ಮಾಂಗಲ್ಯಕ್ಕೆ ವಾಲಗ ಇದ್ದೇ ಇದೆ, ಧಾರೆ ಎರೆಯುವಾಗ ವಿಭಾಳ ವಯಲಿನ್ ಬೇಕು ಅಂದಳು ಅಕ್ಕ. ಸಾಗರದ ಕಛೇರಿಯಲ್ಲಿ ನೀನು ನುಡಿಸಿದ ವೀಡಿಯೊ ಎಲ್ಲರಿಗೂ ತೋರಿಸಿದಳು.

"ಆಗ ಯಾರಾದ್ರೂ ಸೀನಿದ್ರೆ? ವಾಲಗದವ್ರು ಗಟ್ಟಿಮೇಳ ಬಾರಿಸಿ ಮುಚ್ಚಿಬಿಡ್ತಾರೆ. ವಯಲಿನ್‌ನಲ್ಲಿ ಅದಾಗಲ್ಲ," ಅಂದೆ.

"ಹಾಸ್ಟೆಲ್‌ನಲ್ಲಿ ಶಕುನಾನೂ ಕಲಿಸ್ತಾರೇನೆ?" ಅಂತ ಅಮ್ಮ ನಕ್ಕಳು. "ನಿಮ್ಮಿಬ್ರಿಗೂ ವಯಲಿನ್ ಕಲಿಸಿದ್ದು ಒಬ್ರೇ ಮೇಷ್ಟ್ರಲ್ವಾ. ನೀನೇ ಫೋನ್ ಮಾಡಿ ಕರಿ."

ಎಂಟನೇ ಕ್ಲಾಸಿಗೆ ನನ್ನನ್ನು ಹಾಸ್ಟೆಲ್‌ಗೆ ಹಾಕಿ ಪಾಠ ನಿಂತಾಗ ನಾನು ನಿನಗಿಂತ ಎರಡು ಕೀರ್ತನೆ ಮುಂದಿದ್ದೆ. ಅದು ಯಾರಿಗೂ ನೆನಪಿಲ್ಲ. ತಪ್ಪು ಹುಡುಕಲೆಂದೇ ವೀಡಿಯೊ ಮೂರು ಸಲ ನೋಡಿದೆ. ಒಂದು ಸ್ವರವೂ ಜಾರಲಿಲ್ಲ.

ಹಿತ್ತಿಲಿಗೆ ಹೋಗಿ ಫೋನನ್ನು ಸುಮ್ಮನೆ ಕಿವಿಗಿಟ್ಟುಕೊಂಡು ನಿಂತೆ. ಒಳಗೆ ಬಂದು, "ಅವಳಿಗೆ ಆ ದಿನ ಬೇರೆ ಪ್ರೋಗ್ರಾಂ ಇದೆಯಂತೆ," ಅಂದೆ.

ಅಕ್ಕನ ಮುಖ ಸಪ್ಪಗಾಯಿತು. "ಹೋಗ್ಲಿ ಬಿಡು. ಚೆನ್ನಾಗಿದಾಳಂತಾ, ಕೇಳಿದ್ಯಾ?"

ಹ್ಞೂಂ ಅಂದೆ.

ಧಾರೆಗೆ ಇನ್ನೂ ಬೇರೆ ಯಾರನ್ನೂ ಗೊತ್ತುಮಾಡಿಲ್ಲ. ಮುಂದಿನ ತಿಂಗಳು ಹನ್ನೆರಡು, ಭಾನುವಾರ ಬೆಳಿಗ್ಗೆ. ನಿನಗೆ ಬಿಡುವಿದೆಯಾ? ಬೇಗ ತಿಳಿಸು.