ಅವನ ಹೆಸರಿಗೆ

ಮಂಗಿಸ್ತೌ
ಜನವರಿ ೧೮

ಪ್ರೀತಿಯ ಸೊಸೆ ಮಾರಲ್‌ಗೆ,

ನಿನ್ನ ಅತ್ತೆ ಓರಿನ್ಶಾಳ ಸಲಾಮು. ತವರಿನಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಚಳಿ ಮೂಳೆಗಿಳಿದಿದೆ, ಬೂದು ಒಂಟೆ ಗಬ್ಬವಾಗಿದೆ. ಚಳಿಗೆ ಮೊದಲೇ ಬಂದ ನಿನ್ನ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೇಸರಿಸಬೇಡ. "ಅವರ ವರ್ಷದ ಊಟ ಹಾಕೋಣವಾ ಅತ್ತೆ?" ಎಂದು ಕೇಳಿದ್ದೆ. ದೋಣಿಯನ್ನಷ್ಟೇ ಮರಳಿಸಿ ಮಗನನ್ನು ಇಟ್ಟುಕೊಂಡಿತು ಸಮುದ್ರ. ದೇಹವೇ ಸಿಗದವನಿಗೆ ಎಂಥ ಊಟ ಎಂದು ಸಿಟ್ಟು ಬಂತು. ಸಿಟ್ಟು ನಿನ್ನ ಮೇಲಲ್ಲ, ದೇವರ ಮೇಲೆ. ಅಂದಿನಿಂದ ನಮಾಜನ್ನೂ ಬಿಟ್ಟಿದ್ದೆ.

ಮೊನ್ನೆ ಪಕ್ಕದ ಮನೆಯ ರಖೀಮಾ ನನ್ನನ್ನು ಸಂತರ ಗುಹೆಮಸೀದಿಗೆ ಎಳೆದೊಯ್ದಳು. ಮರುಭೂಮಿಯ ಅಂಚಿನ ಆ ಇಳಿಜಾರು ನಿನಗೆ ಗೊತ್ತಲ್ಲ. ದಾರಿಯುದ್ದಕ್ಕೂ ಅವಳದು ಒಂದೇ ಗೊಣಗಾಟ: "ನನ್ನ ಮಂಡಿಗೆ ನಿನಗಿಂತ ಜಾಸ್ತಿ ವಯಸ್ಸಾಗಿದೆ ಕಣೇ, ನಿಧಾನ!"

ಗುಹೆಯಲ್ಲಿ ಮುದುಕರೊಬ್ಬರು ಕುರಾನ್ ಓದಿ, "ಯಾರ ಹೆಸರಿಗೆ ಅರ್ಪಿಸ್ಲಿ, ತಾಯಿ?" ಎಂದರು. ಅಪ್ಪ, ಅಮ್ಮ, ನಿನ್ನ ಮಾವ, ಎಲ್ಲರ ಹೆಸರೂ ಹೇಳಿದೆ.

"ಮಗನ್ನ ಬಿಟ್ಯಲ್ಲೇ," ಎಂದಳು ರಖೀಮಾ.

ನಾನು ಎದ್ದು ಹೊರಗೆ ನಡೆದುಬಿಟ್ಟೆ. ಮನೆತನದ ಹಿರಿಯರ ಹೆಸರು ಹೇಳಬಾರದೆಂಬ ಕಟ್ಟಳೆ ಇರುವುದು ಸೊಸೆಯಂದಿರಿಗೆ. ನಾನು ಹೆತ್ತವಳು, ಮಗನ ಹೆಸರು ಹೇಳಲು ನನಗೇನಾಗಿತ್ತು? ಸತ್ತವರ ಸಾಲಿನಲ್ಲಿ ಆ ಹೆಸರು ಹೇಳಿದರೆ ಅವನನ್ನು ನಾನೇ ಕೊಂದಂತೆ ಎನ್ನಿಸಿತ್ತು, ಮಾರಲ್.

ಅರ್ಧ ದಿಬ್ಬ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತ ರಖೀಮಾಳೂ ಬಂದಳು. ಸೂರ್ಯ ಸುಣ್ಣದ ಬಂಡೆಗಳ ಹಿಂದೆ ಇಳಿಯುತ್ತಿದ್ದ. ನನ್ನ ಪಕ್ಕದಲ್ಲಿ ಕೂತು ಬೈದಳು: "ನೀನು ಹೆಸರು ಹೇಳ್ದೆ ಇದ್ರೆ ಅವನ ಪಾಲಿನ ಪ್ರಾರ್ಥನೆ ಯಾರಿಗೆ ಹೋಗುತ್ತೆ? ಅಲ್ಲಿ ಎಲ್ಲರಿಗೂ ಅವರವರ ಮನೆಯಿಂದ ಏನಾದ್ರೂ ಬರುತ್ತೆ, ಅವನೊಬ್ಬ ಬರಿಗೈಲಿ ಕೂತಿರ್ಬೇಕಾ?"

ಹಸಿವು ತಡೆಯದ ಹುಡುಗ ಅವನು. ನನಗೆ ಅಳು ಒತ್ತರಿಸಿ ಬಂತು.

ಕೆಳಗಿನಿಂದ ಸಂಜೆಯ ಬಾಂಗ್ ಕೇಳಿಸಿತು. ನಮಾಜಿಗೆ ಕೈಮುಖ ತೊಳೆಯೋಣವೆಂದರೆ ಬಾಟಲಿಯ ನೀರು ಹೆಪ್ಪುಗಟ್ಟಿತ್ತು. ನೀರಿನ ಬದಲು ಮರಳಿಗೆ ಅಂಗೈ ಒತ್ತಿ ಮುಖ ಸವರಿಕೊಂಡೆ, ಕೈಗಳನ್ನೂ ಸವರಿದೆ. ಅಲ್ಲೇ ನಮಾಜು ಮಾಡಿ, ಕೊನೆಗೆ ಹೇಳಿದೆ: "ಇದು ನನ್ನ ಮಗ ಜಾನಿಬೆಕ್‌ಗೆ." ಗಾಳಿ ಬೀಸುತ್ತಲೇ ಇತ್ತು. ಆದರೆ ಹೇಳಿದ್ದನ್ನು ಯಾರೋ ಜೋಪಾನವಾಗಿ ಕೈಗೆ ತೆಗೆದುಕೊಂಡರು ಅನ್ನಿಸಿತು. ಸಿಟ್ಟು ಹೋಗಿಲ್ಲ. ದೇವರಿದ್ದಾನೆ ಎಂಬುದು ಮಾತ್ರ ಮತ್ತೆ ಗೊತ್ತಾಯಿತು.

ಊಟ ಹಾಕೋಣ, ಮಗಳೇ. ಕಂದು ಟಗರನ್ನು ಅದಕ್ಕೇ ಇಟ್ಟಿದ್ದೇನೆ. ನೀನು ಬಂದು ಎಣ್ಣೆಯಲ್ಲಿ ರೊಟ್ಟಿ ಕರಿ, ಆ ವಾಸನೆ ಸತ್ತವರಿಗೆ ಮುಟ್ಟುತ್ತದಂತೆ, ಅವನಿಗೂ ತಲುಪಲಿ. ಆಮೇಲೆ ಈ ಮನೆಯ ಹಂಗು ನಿನಗಿಲ್ಲ. ಯಾವ ಮನೆ ಸೇರಿದರೂ ನನ್ನ ಮಗಳೇ. ನಿನ್ನ ಒಲೆ ಆರದಿರಲಿ, ನಿನ್ನ ಮಡಿಲು ತುಂಬಲಿ.

ನಿನ್ನ ಅತ್ತೆ,
ಓರಿನ್ಶಾ

ತಾ.ಕ.: ಅವನು ಸಮುದ್ರಕ್ಕೆ ಹೋದ ದಿನದಿಂದ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ದಿಬ್ಬದಿಂದ ಬಂದ ರಾತ್ರಿ ಹಾಕಿದೆ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಮತ್ತೆ ತೆಗೆದೆ. ನೀನು ಬಂದಾಗ ನನ್ನ ಜೊತೆ ನಿಲ್ಲು, ಇಬ್ಬರೂ ಸೇರಿ ಹಾಕೋಣ.