ಶಿಪ್ ಅಂದರೆ ತನ

ಜನವರಿ 20, ಸೋಮವಾರ. ರಾತ್ರಿ

ಇವತ್ತೂ ದಲಾಲಿ ಅಂಗಡಿ ಗುಡಿಸಿದೆ. ಸೀನಿದೆ. ಮತ್ತೆ ಗುಡಿಸಿದೆ. ಬ್ಯಾಡಗಿ ಮಾರ್ಕೆಟ್ಟಿನ ಧೂಳೆಂದರೆ ಖಾರದ ಪುಡಿಯೇ.

ನಮ್ಮೂರಿನ ಗೆಳೆಯ ಮಧು ರಾಣೆಬೆನ್ನೂರಿನ ಕಾಲೇಜ್ ಹಾಸ್ಟೆಲಿನಿಂದ ಇವತ್ತಿನ ಪದ ಕಳಿಸಿದ — ಓನರ್‌ಶಿಪ್. ದಿನಕ್ಕೊಂದು ಪದ, ಕೊನೆಗೆ ಶಿಪ್ ಇರಬೇಕು, ನಾನು ಅರ್ಥ ಬರೆದು ಕಳಿಸಬೇಕು. ಕಾಲೇಜು ಬಿಟ್ಟ ಮೇಲೆ ನನ್ನ ಇಂಗ್ಲಿಷ್ ಇಷ್ಟೇ. ಮೊದಲು ಶಿಪ್ ಅಂದರೆ ಹಡಗು ಅಂದುಕೊಂಡಿದ್ದೆ. 'ಕನ್ನಡದಾಗ ತನ ಇದ್ದಂಗಲೇ, ಒಡೆತನ, ಗೆಳೆತನ' ಅಂದ ಮಧು.

ಓನರ್‌ಶಿಪ್: ಒಡೆತನ. ಅಂಗಡಿ ಭರಮಣ್ಣ ಸಾಹುಕಾರರದು. ಕೆಮ್ಮು ನನ್ನದು.

ನಕ್ಕ ಮುಖ ಕಳಿಸಿದ. ದಿನದಲ್ಲಿ ನನ್ನ ಜೊತೆ ನಗುವವನು ಅವನೊಬ್ಬನೇ.

ಜನವರಿ 22

ಮೆಂಬರ್‌ಶಿಪ್: ಸದಸ್ಯತ್ವ. ಹಮಾಲರು ಚಹಾಕ್ಕೆ ಹೋಗುವಾಗ ನನ್ನನ್ನು ಕರೆಯುವುದಿಲ್ಲ, ಸಾಹುಕಾರರ ಹುಡುಗ ಅಂತ. ಸಾಹುಕಾರರು ಊಟಕ್ಕೆ ಕೂತಾಗ ಕರೆಯುವುದಿಲ್ಲ, ಹಮಾಲರ ಜೊತೆಯವನು ಅಂತ. ಎರಡೂ ಕಡೆ ಇಲ್ಲ.

ಫ್ರೆಂಡ್‌ಶಿಪ್ ಕೂಡ ಕಳಿಸಿದ. ಅದು ಸುಲಭ. ಜಾಗ ಬಿಟ್ಟಿದ್ದೇನೆ, ಆಮೇಲೆ ಬರೆಯುತ್ತೇನೆ.

ನಾಳೆ ನಮ್ಮೂರು ಮೇಡ್ಲೇರಿಯಿಂದ ಮಧು ಮನೆಯ ಮೆಣಸಿನಕಾಯಿ ಬರುತ್ತದೆ. ಅಪ್ಪನ ಜೊತೆ ಅವನೂ ಬರುತ್ತಾನೆ!

ಜನವರಿ 23, ಗುರುವಾರ

ಬಂದ.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ನಡುವಿನಿಂದ ಒಂದು ಹಿಡಿ ತೆಗೆದು ಖರೀದಿದಾರರಿಗೆ ತೋರಿಸುವುದು ನನ್ನ ಕೆಲಸ. ಕಾಯಿ ಮುರಿದು ಪುಡಿಯಾಗಬಾರದು ಅಂತ ಚೀಲ ತುಂಬುವ ಮುಂಚೆ ಎಲ್ಲರೂ ನೀರು ಚಿಮುಕಿಸುತ್ತಾರೆ. ಹದವಾಗಿ, ಕೈಯಿಂದ. ಹೆಚ್ಚಾದರೆ ಒಳಗೆ ಬೂಷ್ಟು.

ಚೀಲದ ಬಾಯಿ ಬಿಚ್ಚುವಾಗ ಮಧು ನನ್ನ ಕಿವಿಯಲ್ಲಿ, 'ಮ್ಯಾಲಿಂದ ಒಂದ್ ಹಿಡಿ ತಗಿ, ಪುಂಡ್ಯಾ. ಒಳಗ ಹಸಿ ಐತಿ' ಅಂದ.

ನಾನು ಏನೂ ಅನ್ನಲಿಲ್ಲ. ನಡುವಿಗೆ ಕೈ ಹಾಕಿದೆ. ಕಪ್ಪಾಗಿ ಮೆತ್ತಗಾದ ಕಾಯಿ ಬಂದವು. ಖರೀದಿದಾರ ಮೂಸಿ ನೋಡಿ ಮುಂದಿನ ಅಂಗಡಿಗೆ ಹೋದ.

ಅವನ ಅಪ್ಪ ಶಂಕ್ರಪ್ಪ ಎಲ್ಲರ ಎದುರು ಕೂಗಿದರು, 'ಕೈಲೆ ಚಿಮುಕಸು ಅಂದ್ರ ಪಂಪ್ ಹಚ್ಚೀಯೇನಲೇ? ಹುಳಕ್ಕ ಎಣ್ಣಿ ಹೊಡದಂಗ ಹೊಡದೀಯಲ್ಲೋ!'

ಮಧು ತಲೆ ತಗ್ಗಿಸಿ, 'ಓದೂದಿತ್ತು... ಲಗೂ ಆಗ್ಲಿ ಅಂತ...' ಅಂದ.

'ಕಾಲೇಜ್ ಸಾಹೇಬ್ರು ಮೆಣಸಿನಕಾಯಿಗೆ ಜಳಕಾ ಮಾಡಿಸ್ಯಾರ್ರೆಪಾ!' ಅಂದ ಒಬ್ಬ ಹಮಾಲ. ಇಡೀ ಸಾಲು ನಕ್ಕಿತು.

ಮಧು ನನ್ನ ಕಡೆ ನೋಡಿದ. ಒಂದೇ ಸಲ.

ಜನವರಿ 24

ಪದ ಬರಲಿಲ್ಲ.

ಜನವರಿ 28

ಬರಲಿಲ್ಲ. ನಾನೇ ಒಂದು ಕಳಿಸಿದೆ — ಹಾರ್ಡ್‌ಶಿಪ್: ಕಷ್ಟ. ನೋಡಿದ್ದಾನೆ. ಉತ್ತರವಿಲ್ಲ.

ನಾನು ಮಾಡಿದ್ದು ಸರಿ. ಮೇಲಿನಿಂದ ತೆಗೆದಿದ್ದರೆ ಅದು ಸುಳ್ಳು. ಆದರೂ ದಿನಕ್ಕೆ ಹತ್ತು ಸಲ ಮೊಬೈಲ್ ತೆಗೆದು ನೋಡುತ್ತೇನೆ. ಸರಿ ಮಾಡಿದವನಿಗೆ ಹೀಗಾಗಬಾರದಲ್ಲ?

ಫೆಬ್ರವರಿ 9, ಭಾನುವಾರ

ತಡೆಯಲಾಗಲಿಲ್ಲ. ರಾಣೆಬೆನ್ನೂರಿಗೆ ಹೋಗಿ ಬಸ್ ಬದಲಿಸಿ ಮೇಡ್ಲೇರಿಗೆ ಹೋದೆ. ನಮ್ಮ ಮನೆಗಿಂತ ಮೊದಲು ಅವರ ಮನೆಗೆ.

ಮಧುವಿನ ಅವ್ವ ಗದಿಗೆವ್ವ ರೊಟ್ಟಿ ಬಡಿಸಿದರು. 'ಉಣ್ಣೋ ತಮ್ಮಾ. ಮಧು ಹಾಸ್ಟೆಲ್‌ಗೆ ಹೋಗ್ಯಾನ' ಅಂದರು.

ಅವನ ಚಪ್ಪಲಿ ಬಾಗಿಲಲ್ಲೇ ಇದ್ದವು. ಒಳಕೋಣೆಯ ಕದ ಹಾಕಿತ್ತು. ಗದಿಗೆವ್ವ ನನ್ನ ಮುಖ ನೋಡಲಿಲ್ಲ, ಇನ್ನೊಂದು ರೊಟ್ಟಿ ಹಾಕಿದರು. ನಾನು ಚಪ್ಪಲಿಯ ಮಾತು ಎತ್ತಲಿಲ್ಲ. ಜೀವನದಲ್ಲಿ ಮೊದಲ ಸಲ, ಕಂಡದ್ದನ್ನು ಹೇಳದೆ ನುಂಗಿದೆ. ರೊಟ್ಟಿ ಜೊತೆ.

ಶಂಕ್ರಪ್ಪ ಬಸ್ಸಿನ ತನಕ ಬಂದರು.

'ನಡಕ ಕೈ ಹಾಕಿದ್ದು ಖರೇ ಆತು, ಪುಂಡಲೀಕ. ಅದರ ಸಿಟ್ಟು ನನಗಿಲ್ಲ. ಕಾಯಿ ಒಣಗಿಸಿ ಮಾರಿದ್ವಿ, ಮುಗೀತು.'

'ಮತ್ತ ಮಧು ಯಾಕ ಕಾಕಾ...'

'ಅಂವ ನಿನ್ನ ಕಿವ್ಯಾಗ ಹೇಳಿದ್ನಂತ. ನೀ ಅವನ ಕಿವ್ಯಾಗ ಏನ್ ಹೇಳಿದಿ?'

'ಏನೂ ಹೇಳಲಿಲ್ಲ.'

'ಒಲ್ಲೆ ಅಂತಾದ್ರೂ ಹೇಳಬೇಕಿತ್ತಪಾ. ಕಾಯಿ ಹಸಿ ಅದಾವು ಅಂತ ನನ್ನ ಮುಂದ ತಾನ ಬಾಯಿ ಬಿಡ್ತಿದ್ದ.'

ಬಸ್ ಬಂತು. ದಾರಿಯುದ್ದಕ್ಕೂ ಆ ಒಂದು ಶಬ್ದ. ಒಲ್ಲೆ. ಅದನ್ನು ಹೇಳಲು ಉಸಿರು ಹಿಡಿಯುವಷ್ಟು ಹೊತ್ತೂ ಬೇಕಿರಲಿಲ್ಲ.

ಫೆಬ್ರವರಿ 20, ಗುರುವಾರ. ಮುಂಜಾನೆ, ಅಂಗಡಿಯಲ್ಲಿ

ಚೀಲದ ಮೇಲೆ ಕೂತು ಬರೆಯುತ್ತಿದ್ದೇನೆ. ಮೇಡ್ಲೇರಿ ಗಾಡಿ ಬಂದಿದೆ. ಶಂಕ್ರಪ್ಪ ಒಬ್ಬರೇ ಒಳಗೆ ಬಂದು, 'ನಡಕ ಕೈ ಹಾಕಿ ನೋಡು. ಈ ಸಲ ಕೈಲೇನ ಚಿಮುಕಿಸ್ಯಾನ' ಅಂದರು.

ಕೈ ಹಾಕಿದೆ. ಮೆತ್ತಗೂ ಇಲ್ಲ, ಮುರಿಯುವುದೂ ಇಲ್ಲ. ಹದ.

'ಅಂವ ಬಂದಿಲ್ರೀ?'

'ಗಾಡ್ಯಾಗ ಕುಂತಾನ. ಇಳಿಯೂದಿಲ್ಲಂತ.'

ಇಲ್ಲಿಂದಲೇ ಕಾಣುತ್ತದೆ. ಈ ಕಡೆ ಬೆನ್ನು. ಮೊಬೈಲ್ ಹಿಡಿದಿದ್ದಾನೆ, ನೋಡುತ್ತಿಲ್ಲ.

ಫ್ರೆಂಡ್‌ಶಿಪ್ ಮುಂದೆ ಬಿಟ್ಟ ಜಾಗ ಇನ್ನೂ ಖಾಲಿ. ಸುಲಭ ಅಂತ ಬಿಟ್ಟಿದ್ದು.

ಖರೀದಿದಾರರು ಟೆಂಡರ್ ಹಾಕಲು ಇನ್ನೂ ಹೊತ್ತಿದೆ. ಹೋಗುತ್ತೇನೆ. ತಪ್ಪಾಯಿತು ಅನ್ನುವುದಿಲ್ಲ. ನಡುವಿಗೆ ಕೈ ಹಾಕಿದ್ದು ತಪ್ಪಲ್ಲ, ಇವತ್ತೂ ಹಾಕಿದೆ. ಆದರೆ ಅವನ ಕಿವಿಯಲ್ಲಿ ಹೇಳಬೇಕಾದ್ದು ಒಂದಿದೆ, ಅದನ್ನು ಹೇಳುತ್ತೇನೆ. ಮಧು, ಅವತ್ತು ನಾನು ಒಲ್ಲೆ ಅಂತಾದರೂ ನಿನಗೆ...